ಕೀಟ ಹಿಡಿಯುವ ಗಿಡಗಳು ಅಲುಗಾಡುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕೀಟ ತಿನ್ನುವ ಗಿಡಗಳ ಮಾತು ಬಂದಾಗಲೆಲ್ಲ ನನ್ನನ್ನು ಕೇಳಿದ ಪ್ರಶ್ನೆಗಳಿವು. ಕೆಲವು ಎದುರು ಕೂತು ಕೇಳಿದವು, ಕೆಲವು ಪತ್ರದಲ್ಲಿ ಬಂದವು. ಆದಷ್ಟೂ ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು, ತಲೆ ಕೆರೆದುಕೊಳ್ಳುವಂಥವು ಕೊನೆಗೆ. ಯಾವ ಪ್ರಶ್ನೆಯಿಂದ ಬೇಕಾದರೂ ಓದಲು ಶುರುಮಾಡಬಹುದು.

## ಮೊದಮೊದಲ ಪ್ರಶ್ನೆಗಳು

ಗಿಡಕ್ಕೆ ಮಾಂಸಖಂಡವೂ ಇಲ್ಲ, ನರವೂ ಇಲ್ಲ. ಮತ್ತೆ ಅಲುಗಾಡೋದು ಹೇಗೆ?

ನೀರಿನ ಬಲದಿಂದ. ಗಿಡದ ಒಂದೊಂದು ಜೀವಕೋಶವೂ ಗಟ್ಟಿ ಗೋಡೆಯೊಳಗೆ ನೀರು ತುಂಬಿಕೊಂಡ ಚೀಲ. ಟ್ಯೂಬಿಗೆ ಗಾಳಿ ಹೊಡೆದಂತೆ ಆ ನೀರು ಒಳಗಿನಿಂದ ಗೋಡೆಯನ್ನು ಒತ್ತುತ್ತಲೇ ಇರುತ್ತದೆ. ಕಾರಿನ ಟೈರಿನೊಳಗೆ ಇರುವುದಕ್ಕಿಂತ ಎರಡು ಮೂರು ಪಟ್ಟು ಒತ್ತಡ ಒಂದು ಮಾಮೂಲಿ ಎಲೆಯ ಕೋಶದಲ್ಲಿ ಇರಬಹುದು. ಎಲೆಯ ಒಂದು ಬದಿಯ ಕೋಶಗಳು ನೀರು ಕುಡಿದು ಉಬ್ಬಿ, ಇನ್ನೊಂದು ಬದಿಯವು ಹಾಗೇ ಉಳಿದರೆ ಎಲೆ ಬಾಗದೆ ಬೇರೆ ದಾರಿಯಿಲ್ಲ.

ಇದರ ಜೊತೆಗೆ ಇನ್ನೆರಡು ಉಪಾಯಗಳಿವೆ. ಒಂದು, ಬೇಕಾದ ಬದಿಯನ್ನು ಬೆಳೆಸಿಯೇ ಬಾಗುವುದು. ಇದು ನಿಧಾನ. ಇನ್ನೊಂದು, ಬಿಲ್ಲು ಎಳೆದು ಹಿಡಿದಂತೆ ಬಲವನ್ನು ಮೊದಲೇ ಕೂಡಿಟ್ಟುಕೊಂಡು, ಸಮಯ ಬಂದಾಗ ಬಿಟ್ಟುಬಿಡುವುದು. ನಮ್ಮನ್ನು ಬೆರಗುಗೊಳಿಸುವ ಮಿಂಚಿನ ಚಲನೆಗಳೆಲ್ಲ ಈ ಕೊನೆಯ ಬಗೆಯವು. ಬಿಲ್ಲು ಎಳೆಯುವುದಕ್ಕೆ ಗಂಟೆಗಟ್ಟಲೆ ತೆಗೆದುಕೊಂಡರೂ ಬಾಣ ಬಿಡುವುದಕ್ಕೆ ಕ್ಷಣ ಸಾಕಲ್ಲವೇ?

ಕೀಟ ತಿನ್ನುವ ಗಿಡಗಳೆಲ್ಲ ಅಲ್ಲಾಡ್ತವಾ?

ಇಲ್ಲ. ಇಂಥ ಗಿಡಗಳಲ್ಲಿ ಸುಮಾರು 800ಕ್ಕೂ ಹೆಚ್ಚು ಜಾತಿಗಳಿವೆ. ಹೂಜಿ ಗಿಡಗಳಾದ ನೆಪೆಂಥಿಸ್ ಮತ್ತು ಸರಸೇನಿಯಾ ಗುಂಡಿ ತೋಡಿಟ್ಟು ಕಾಯುವ ಬೇಟೆಗಾರರು. ಹುಳ ತಾನಾಗಿ ಜಾರಿ ಬೀಳುತ್ತದೆ. ಜೆನ್ಲಿಸಿಯಾ ಎಂಬ ಗಿಡದ ನೆಲದಡಿಯ ತಿರುಚಿದ ಕೊಳವೆಯೊಳಗೆ ಕೂದಲುಗಳೆಲ್ಲ ಒಳಮುಖವಾಗಿವೆ. ಮೀನಿನ ಕೂಳಿಯಂತೆ ಒಳಗೆ ಹೋಗಬಹುದು, ಹೊರಗೆ ಬರುವಂತಿಲ್ಲ. ಬಿಬ್ಲಿಸ್ ಮತ್ತು ಡ್ರಾಸೊಫಿಲಮ್ ಅಂಟು ಸುರಿಸಿ ಸುಮ್ಮನಿರುತ್ತವೆ.

ನಿಜಕ್ಕೂ ಮೈ ಕದಲಿಸಿ ಬೇಟೆಯಾಡುವವು ವೀನಸ್ ಫ್ಲೈಟ್ರ್ಯಾಪ್, ನೀರಿನಲ್ಲಿರುವ ಅದರ ಸೋದರಿ ಆಲ್ಡ್ರೊವಾಂಡಾ, ಸನ್‌ಡ್ಯೂ ಎಂದು ಕರೆಯುವ ಡ್ರಾಸಿರಾಗಳು, ಯುಟ್ರಿಕ್ಯುಲೇರಿಯಾ, ಮತ್ತು ಅಷ್ಟಿಷ್ಟು ಬಟರ್‌ವರ್ಟ್.

ಬಿಸಿಲು ನೀರು ಇದ್ದರೆ ಗಿಡ ಬದುಕುತ್ತೆ. ಹುಳ ಯಾಕೆ ಬೇಕು?

ಬಿಸಿಲಿನಿಂದ ಸಕ್ಕರೆ ತಯಾರಾಗುತ್ತದೆ, ಸಾರಜನಕ ಮತ್ತು ರಂಜಕ ತಯಾರಾಗುವುದಿಲ್ಲ. ಇವು ಬೆಳೆಯುವ ಜವುಗು ನೆಲ, ಮರಳು ನೆಲಗಳಲ್ಲಿ ಅವೆರಡಕ್ಕೂ ಬರಗಾಲ. ಹುಳದ ಮೈಯಲ್ಲಿ ಎರಡೂ ಇವೆ. ಹಾಗಾಗಿ ಹುಳ ಇವಕ್ಕೆ ಅನ್ನವಲ್ಲ, ಗೊಬ್ಬರ. ಹುಳ ಸಿಗದಿದ್ದರೂ ಸಾಯುವುದಿಲ್ಲ, ಸೊರಗುತ್ತವೆ. ಚಾರ್ಲ್ಸ್ ಡಾರ್ವಿನ್ನರ ಮಗ ಫ್ರಾನ್ಸಿಸ್ ಡಾರ್ವಿನ್ 1878ರಲ್ಲಿ ಸನ್‌ಡ್ಯೂ ಗಿಡಗಳಲ್ಲಿ ಕೆಲವಕ್ಕೆ ಮಾಂಸದ ಚೂರು ಉಣ್ಣಿಸಿ, ಉಳಿದವನ್ನು ಉಪವಾಸ ಇಟ್ಟು ನೋಡಿದರು. ಉಂಡವು ಎದ್ದುಕಾಣುವಷ್ಟು ಹೆಚ್ಚು ಬೀಜ ಕಟ್ಟಿದವು.

ಮುಟ್ಟಿದರೆ ಮುನಿಯೂ ಮುಟ್ಟಿದರೆ ಮುದುಡುತ್ತೆ. ಅದೂ ಇದೇ ಕುಲನಾ?

ಅಲ್ಲ, ಅದು ಅವರೆ ಹುರುಳಿಗಳ ಬಳಗದ್ದು. ಹುಳ ತಿನ್ನುವುದಿಲ್ಲ. ಅದರ ಎಲೆಯ ಬುಡದಲ್ಲಿ ಕೀಲಿನಂಥ ಗಂಟುಗಳಿವೆ. ಅಲ್ಲಿನ ಕೋಶಗಳು ನೀರು ಬಿಟ್ಟುಕೊಟ್ಟು ಸೊರಗಿದಾಗ ಎಲೆ ಇಳಿಬೀಳುತ್ತದೆ. ಅದರ ಚಲನೆ ತಪ್ಪಿಸಿಕೊಳ್ಳುವವನದು, ಇವುಗಳದು ಹಿಡಿಯುವವನದು. ಆದರೆ ಸುದ್ದಿ ಮುಟ್ಟಿಸುವ ವಿದ್ಯುತ್ ಸಂಕೇತ ಎರಡರಲ್ಲೂ ಒಂದೇ ಬಗೆಯದು.

ಫ್ಲೈಟ್ರ್ಯಾಪ್ ಒಳಗೆ ಬೆರಳಿಟ್ಟರೆ ಕಚ್ಚುತ್ತಾ?

ಮುಚ್ಚುತ್ತದೆ, ಕಚ್ಚುವುದಿಲ್ಲ. ಬೋನಿನ ಉದ್ದವೇ ಎರಡು ಮೂರು ಸೆಂಟಿಮೀಟರ್. ಅಂಚಿನ ಹಲ್ಲುಗಳು ನೋಡಲು ಭಯಂಕರ, ಮುಟ್ಟಿದರೆ ಮೆತ್ತಗೆ.

## ವೀನಸ್ ಫ್ಲೈಟ್ರ್ಯಾಪ್ ಬಗ್ಗೆ

ಹುಳ ಬಂದು ಕೂತಿದ್ದು ಅದಕ್ಕೆ ಹೇಗೆ ತಿಳಿಯುತ್ತೆ? ವಾಸನೆಯಿಂದಾನಾ?

ವಾಸನೆ, ಬಣ್ಣ, ಅಂಚಿನ ಜೇನಿನಂಥ ದ್ರವ ಇವೆಲ್ಲ ಹುಳವನ್ನು ಕರೆಯುವುದಕ್ಕೆ. ಬಂದದ್ದು ತಿಳಿಯುವುದು ಮಾತ್ರ ಸ್ಪರ್ಶದಿಂದ. ಎಲೆಯ ತುದಿ ಎರಡು ಹೋಳಾಗಿದೆ, ಪ್ರತಿ ಹೋಳಿನ ಒಳಮೈಯಲ್ಲಿ ಸಾಮಾನ್ಯವಾಗಿ ಮೂರು ಸಣ್ಣ ಕೂದಲುಗಳಿವೆ. ಕೂದಲು ಬಾಗಿದಾಗ ಅದರ ಬುಡದ ಕೋಶಗಳು ಹಿಂಡಿಕೊಂಡು ಒಂದು ವಿದ್ಯುತ್ ಸಂಕೇತ ಹೊರಡುತ್ತದೆ.

ಈ ಪುಟ್ಟ ಕೂದಲುಗಳು ದೊಡ್ಡವರನ್ನೇ ದಾರಿ ತಪ್ಪಿಸಿವೆ. ಅಮೆರಿಕದ ನಾರ್ತ್ ಕ್ಯಾರೊಲಿನಾದ ಗವರ್ನರ್ ಆರ್ಥರ್ ಡಾಬ್ಸ್ 1759ರಲ್ಲಿ ಈ ಗಿಡದ ಬಗ್ಗೆ ಮೊದಲ ಬಾರಿಗೆ ಪತ್ರ ಬರೆದರು. ಕಾಡಿನಲ್ಲಿ ಇದು ಇವತ್ತಿಗೂ ಇರುವುದು ನಾರ್ತ್ ಮತ್ತು ಸೌತ್ ಕ್ಯಾರೊಲಿನಾದ ಕರಾವಳಿ ಬಯಲಿನಲ್ಲಿ ಮಾತ್ರ. ಮುಂದೆ ಇದಕ್ಕೆ ಡಯೋನಿಯಾ ಮಸ್ಸಿಪುಲಾ ಎಂದು ಹೆಸರಿಟ್ಟ ಜಾನ್ ಎಲ್ಲಿಸ್, ನಡುವಿನ ಆ ಕೂದಲುಗಳು ಹುಳವನ್ನು ತಿವಿದು ಕೊಲ್ಲುವ ಮುಳ್ಳುಗಳೆಂದು ತಿಳಿದರು. ಹೆಸರಾಂತ ಸಸ್ಯವಿಜ್ಞಾನಿ ಲಿನೇಯಸ್ಸರಿಗೆ ಗಿಡ ಪ್ರಾಣಿಯನ್ನು ತಿನ್ನುತ್ತದೆ ಎಂಬುದೇ ಒಪ್ಪಿಗೆಯಾಗಲಿಲ್ಲ. ಹುಳ ಒದ್ದಾಟ ನಿಲ್ಲಿಸಿದ ಮೇಲೆ ಎಲೆ ಅದನ್ನು ಬಿಟ್ಟುಬಿಡುತ್ತದೆ ಎಂದುಕೊಂಡರು. ಮುಳ್ಳೆಂದು ಕಂಡದ್ದು ಸ್ಪರ್ಶ ತಿಳಿಯುವ ಕೂದಲು ಎಂದು 1834ರಲ್ಲಿ ಸರಿಯಾಗಿ ಬರೆದವರು ಆ ಗಿಡಗಳ ನಡುವೆಯೇ ಇದ್ದ ಪಾದ್ರಿ ಮೋಸೆಸ್ ಆಶ್ಲಿ ಕರ್ಟಿಸ್. ಗಿಡದ ಪಕ್ಕದಲ್ಲಿ ಕೂತು ನೋಡಿದವರಿಗೆ ಕಂಡದ್ದು ದೂರದಲ್ಲಿ ಕೂತ ಪಂಡಿತರಿಗೆ ಕಾಣಲಿಲ್ಲ.

ಒಂದು ಸಲ ಮುಟ್ಟಿದೆ, ಏನೂ ಆಗಲಿಲ್ಲ. ಇನ್ನೊಂದು ಸಲ ಮುಟ್ಟಿದ ಕೂಡಲೇ ಮುಚ್ಚಿತು. ಗಿಡ ಎಣಿಸುತ್ತಾ?

ಎಣಿಸುತ್ತದೆ ಎಂದೇ ಹೇಳಬಹುದು. ಮೊದಲ ಸ್ಪರ್ಶದ ನಂತರ ಸುಮಾರು 20ರಿಂದ 30 ಸೆಕೆಂಡಿನೊಳಗೆ ಎರಡನೆಯದು ಆದರೆ ಮುಚ್ಚುತ್ತದೆ. ಅದೇ ಕೂದಲಾದರೂ ಸರಿ, ಬೇರೆ ಕೂದಲಾದರೂ ಸರಿ. ಹೊತ್ತು ಮೀರಿತೋ, ಲೆಕ್ಕ ಮತ್ತೆ ಮೊದಲಿನಿಂದ. ಗಾಳಿಗೆ ತೂರಿಬಂದ ಕಸ ಒಂದು ಸಲ ತಾಗಿ ಸುಮ್ಮನಾಗುತ್ತದೆ, ಜೀವ ಇರುವುದು ಮತ್ತೆ ಮತ್ತೆ ತಾಗುತ್ತದೆ.

ಲೆಕ್ಕ ಎರಡಕ್ಕೇ ನಿಲ್ಲುವುದೂ ಇಲ್ಲ. ಜರ್ಮನಿಯ ವುರ್ಟ್ಸ್‌ಬರ್ಗ್‌ನಲ್ಲಿ ರೈನರ್ ಹೆಡ್ರಿಶ್ ಅವರ ತಂಡ 2016ರಲ್ಲಿ ಪ್ರಕಟಿಸಿದ ಪ್ರಯೋಗಗಳ ಪ್ರಕಾರ, ಎರಡನೇ ಸಂಕೇತಕ್ಕೆ ಬೋನು ಮುಚ್ಚುತ್ತದೆ, ಒಳಗೆ ಒದ್ದಾಟ ಮುಂದುವರಿದರೆ ಗಿಡದೊಳಗೆ ಸುದ್ದಿ ಮುಟ್ಟಿಸುವ ಜಾಸ್ಮೋನಿಕ್ ಆಮ್ಲದ ಹಾದಿ ಚುರುಕಾಗುತ್ತದೆ, ಐದರ ಆಸುಪಾಸಿನಲ್ಲಿ ಜೀರ್ಣರಸ ತಯಾರಿಸುವ ಕೆಲಸ ಶುರುವಾಗುತ್ತದೆ. ಹುಳ ಒದ್ದಾಡಿದಷ್ಟೂ ಅಡುಗೆ ಜೋರು. ನನಗೆ ಈ ಗಿಡದಲ್ಲಿ ಅದರ ವೇಗಕ್ಕಿಂತ ಹಿಡಿಸಿದ್ದು ಈ ಜಿಪುಣತನ. ಗಟ್ಟಿ ಖಾತ್ರಿಯಾಗುವವರೆಗೆ ಮೂರು ಕಾಸೂ ಬಿಚ್ಚುವುದಿಲ್ಲ.

ಕಣ್ಣು ಮಿಟುಕಿಸುವಷ್ಟರಲ್ಲಿ ಮುಚ್ಚುತ್ತಲ್ಲ, ಅಷ್ಟು ವೇಗ ಎಲ್ಲಿಂದ ಬರುತ್ತೆ?

ಮುಚ್ಚುವುದಕ್ಕೆ ಹಿಡಿಯುವುದು ಸುಮಾರು 0.1 ಸೆಕೆಂಡ್. ಕೋಶದಿಂದ ಕೋಶಕ್ಕೆ ನೀರು ಹರಿದು ಎಲೆ ಬಾಗುವುದಾದರೆ ಇಷ್ಟು ಬೇಗ ಆಗುವ ಮಾತೇ ಅಲ್ಲ. ಹಾಗಾದರೆ ಎಲ್ಲಿಂದ?

ತೆರೆದ ಬೋನನ್ನು ಪಕ್ಕದಿಂದ ನೋಡಿ. ಎರಡು ಹೋಳುಗಳ ಒಳಮೈ, ಅಂದರೆ ಒಂದನ್ನೊಂದು ನೋಡುವ ಮುಖ, ತುಸು ಉಬ್ಬಿ ನಿಂತಿರುತ್ತದೆ. ಮುಚ್ಚಿದ ಮೇಲೆ ನೋಡಿ, ಅದೇ ಮುಖ ಬೋಗುಣಿಯಂತೆ ತಗ್ಗಾಗಿದೆ. ಎಲೆ ಬಾಗಿಲಿನಂತೆ ಬರೀ ತಿರುಗಿಲ್ಲ, ತನ್ನ ಡೊಂಕನ್ನೇ ಉಲ್ಟಾ ಮಾಡಿಕೊಂಡಿದೆ. ಬಿರುಗಾಳಿಗೆ ಸಿಕ್ಕ ಕೊಡೆಯನ್ನು ನೆನಪಿಸಿಕೊಳ್ಳಿ. ಸ್ವಲ್ಪ ಹೊತ್ತು ತಡೆದು ನಿಂತು, ಒಂದು ಹಂತ ದಾಟಿದ್ದೇ ತಡ ಫಟ್ಟನೆ ಮಗುಚಿಕೊಳ್ಳುತ್ತದೆ. ನಡುವೆ ಎಲ್ಲೂ ನಿಲ್ಲುವುದಿಲ್ಲ. ಬೋನಿನದೂ ಅದೇ ಕಥೆ. ಸಂಕೇತ ಬಂದಾಗ ಹೊರಮೈ ಕೋಶಗಳು ಕೊಂಚ ಹಿಗ್ಗುತ್ತವೆ. ಅಷ್ಟು ಕೆಲಸ ನೀರಿನದು. ಎಲೆ ಆ ಹಂತವನ್ನು ದಾಟಿದ ಮೇಲಿನದೆಲ್ಲ ಎಲೆಯೊಳಗೆ ಮೊದಲೇ ಬಿಗಿದಿಟ್ಟ ಬಲದ್ದು. ಯೋಯೆಲ್ ಫೋರ್ತೇರ್, ಎಲ್. ಮಹಾದೇವನ್ ಮತ್ತು ಸಂಗಡಿಗರು ಎಲೆಯ ಮೇಲೆ ಚುಕ್ಕಿಗಳನ್ನಿಟ್ಟು, ವೇಗದ ಕ್ಯಾಮೆರಾದಲ್ಲಿ ಹಿಡಿದು, ಆ ಚುಕ್ಕಿಗಳು ಸರಿದ ಲೆಕ್ಕದಿಂದ ಇದನ್ನು 2005ರಲ್ಲಿ ತೋರಿಸಿಕೊಟ್ಟರು.

ಒಂದು ಮಾತು: ಈ ಬಿಗಿತ ನೀರಿನಿಂದಲೇ ಬಂದದ್ದು. ಬಾಯಾರಿದ ಗಿಡದ ಬೋನು ಫಟ್ಟನೆ ಮುಚ್ಚದೆ ಸೋಮಾರಿಯಂತೆ ಮುದುಡುವುದು ಅದಕ್ಕೇ.

ಮುಚ್ಚಿದ ಮೇಲೆ ಒಳಗೆ ಏನಾಗುತ್ತೆ?

ಮೊದಲ ಸಲಕ್ಕೆ ಅರ್ಧಂಬರ್ಧ ಮುಚ್ಚುತ್ತದೆ. ಹಲ್ಲುಗಳು ಒಂದರೊಳಗೊಂದು ಸೇರಿ ಕಿಟಕಿ ಸರಳಿನಂತಾಗುತ್ತವೆ. ಸರಳಿನ ಸಂದಿಯಿಂದ ತೀರಾ ಚಿಕ್ಕ ಹುಳಗಳು ನುಸುಳಿ ಹೋಗಲಿ, ಅಂಥವನ್ನು ಅರಗಿಸಿದರೆ ಖರ್ಚು ಹುಟ್ಟುವುದಿಲ್ಲ ಎಂಬ ಲೆಕ್ಕಾಚಾರ ಇರಬೇಕೆಂದು ಡಾರ್ವಿನ್ ಊಹಿಸಿದರು. ಆಮೇಲೆ ಒದ್ದಾಟ ನಡೆದಂತೆಲ್ಲ ಅಂಚುಗಳು ಒತ್ತಿಕೊಂಡು ಬಿಗಿಯಾಗುತ್ತವೆ. ಬೋನು ಹೋಗಿ ಹೊಟ್ಟೆಯಾಗುತ್ತದೆ. ಆಮ್ಲ ಮತ್ತು ಕಿಣ್ವಗಳು ಒಸರಿ ಹುಳದ ಮೆತ್ತಗಿನ ಭಾಗಗಳನ್ನು ಕರಗಿಸುತ್ತವೆ. ಐದರಿಂದ ಹನ್ನೆರಡು ದಿನಗಳ ನಂತರ ತೆರೆದಾಗ ಉಳಿದಿರುವುದು ಒಣ ಕವಚ. ಅದನ್ನು ಗಾಳಿಯೋ ಮಳೆಯೋ ಒಯ್ಯುತ್ತದೆ.

ಆಟಕ್ಕೆ ಕಡ್ಡಿಯಿಂದ ತಿವಿದು ಮುಚ್ಚಿಸಿದೆ. ಗಿಡಕ್ಕೆ ತೊಂದರೆ ಆಯ್ತಾ?

ಒಂದು ಸಲಕ್ಕೆ ಏನೂ ಆಗದು. ಒಂದೆರಡು ದಿನದಲ್ಲಿ ತೆರೆದುಕೊಳ್ಳುತ್ತದೆ. ಆದರೆ ಒಂದು ಬೋನು ತನ್ನ ಆಯುಷ್ಯದಲ್ಲಿ ಮುಚ್ಚಿ ತೆರೆಯುವುದು ಕೆಲವೇ ಸಲ, ಪ್ರತಿ ಸಲವೂ ಗಿಡಕ್ಕೆ ಖರ್ಚು. ನನ್ನ ಮೊದಲ ಗಿಡವನ್ನು ಬಂದವರಿಗೆಲ್ಲ ತೋರಿಸಿ ತೋರಿಸಿಯೇ ಸೊರಗಿಸಿದೆ. ತೋರಿಸಲೇಬೇಕಿದ್ದರೆ ಒಂದೇ ಬೋನಿನಲ್ಲಿ ತೋರಿಸಿ, ಉಳಿದವನ್ನು ಅವುಗಳ ಪಾಡಿಗೆ ಬಿಡಿ.

ಸತ್ತ ನೊಣ ಹಾಕಿದೆ. ಮುಚ್ಚಿತು, ಮರುದಿನ ತೆರೆದು ಹಾಗೇ ಬಿಟ್ಟಿತ್ತು. ಇಷ್ಟ ಆಗಲಿಲ್ವಾ?

ಸತ್ತದ್ದು ಒದ್ದಾಡುವುದಿಲ್ಲ. ಮುಚ್ಚಿಕೊಳ್ಳಲು ನಿಮ್ಮ ಕೈಯ ಸ್ಪರ್ಶ ಸಾಕಾಯಿತು, ಮುಂದಿನ ಲೆಕ್ಕ ತುಂಬಲಿಲ್ಲ. ಸತ್ತ ಹುಳ ಹಾಕುವವರು ಮುಚ್ಚಿದ ಬೋನನ್ನು ಹೊರಗಿನಿಂದ ಬೆರಳಲ್ಲಿ ಸ್ವಲ್ಪ ಹೊತ್ತು ಮೆಲ್ಲಗೆ ಒತ್ತಿ ಒತ್ತಿ ಬಿಡುತ್ತಾರೆ. ಒಳಗಿನ ಕೂದಲುಗಳಿಗೆ ಹುಳ ಜೀವಂತ ಇದ್ದಂತೆ ಅನಿಸುತ್ತದೆ.

ಹೂವಿಗೆ ಬರುವ ಜೇನನ್ನೇ ತಿಂದುಹಾಕಿದರೆ ಬೀಜ ಕಟ್ಟೋದು ಹೇಗೆ?

ಹೂವು ಉದ್ದನೆಯ ದಂಟಿನ ಮೇಲೆ, ಬೋನು ನೆಲದ ಹತ್ತಿರ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹೂವಿಗೆ ಬರುವ ಸಣ್ಣ ಜೇನುನೊಣ, ಜೀರುಂಡೆಗಳನ್ನೂ ಬೋನಿಗೆ ಬಿದ್ದವನ್ನೂ ಹೋಲಿಸಿದಾಗ ಪರಾಗ ಹೊರುವ ಮುಖ್ಯ ಹುಳಗಳು ಬೋನಿನಲ್ಲಿ ಸಿಗಲಿಲ್ಲ. ಹೆಸರು ಫ್ಲೈಟ್ರ್ಯಾಪ್ ಆದರೂ ಅದಕ್ಕೆ ಹೆಚ್ಚಾಗಿ ಸಿಗುವುದು ನೊಣವಲ್ಲ, ಇರುವೆ ಮತ್ತು ಜೇಡ. ನಡೆದು ಬರುವವರೇ ಗಿರಾಕಿಗಳು.

## ಅಂಟು, ನೀರು, ಮಳೆಹನಿ

ಸನ್‌ಡ್ಯೂ ಬಾಗುವುದು ತುಂಬಾ ನಿಧಾನ. ಅಷ್ಟರಲ್ಲಿ ಹುಳ ಓಡಿಹೋಗಲ್ವಾ?

ಹಿಡಿಯುವ ಕೆಲಸ ಅಂಟಿನದು, ಬಾಗುವುದು ಹಿಡಿದದ್ದನ್ನು ಭದ್ರ ಮಾಡುವುದಕ್ಕೆ. ಎಲೆಯ ಮೇಲಿನ ಒಂದೊಂದು ಕೆಂಪು ಕೂದಲಿನ ತುದಿಯಲ್ಲೂ ಇಬ್ಬನಿಯಂಥ ಅಂಟಿನ ಹನಿ. ಡ್ರಾಸಿರಾ ರೊಟಂಡಿಫೋಲಿಯಾದ 31 ಎಲೆಗಳಲ್ಲಿ ಈ ಕೂದಲುಗಳನ್ನು ಡಾರ್ವಿನ್ ಒಂದೊಂದಾಗಿ ಎಣಿಸಿದ್ದರು: ಸರಾಸರಿ 192, ಅತಿ ಹೆಚ್ಚೆಂದರೆ 260. ಆ ತಾಳ್ಮೆಗೆ ಕೈಮುಗಿಯಬೇಕು.

ಹುಳ ಒಂದು ಕೂದಲಿಗೆ ಅಂಟಿಕೊಂಡು ಬಿಡಿಸಿಕೊಳ್ಳಲು ಹೊರಳಿದಾಗ ಪಕ್ಕದ್ದಕ್ಕೂ ಅಂಟುತ್ತದೆ. ಅಂಟು ಅದರ ಉಸಿರಾಟದ ರಂಧ್ರಗಳನ್ನು ಮುಚ್ಚುತ್ತದೆ. ಈ ನಡುವೆ ಕೂದಲಿನ ತುದಿಯಿಂದ ಬುಡಕ್ಕೆ ವಿದ್ಯುತ್ ಸಂಕೇತ ಇಳಿದು, ಬುಡದ ಹೊರಬದಿಯ ಕೋಶಗಳು ಹಿಗ್ಗಿ, ಕೂದಲು ಎಲೆಯ ನಡುವಿನತ್ತ ಬಾಗುತ್ತದೆ. ಅಂಚಿನವು ದೂರ ಬಾಗುತ್ತವೆ, ನಟ್ಟನಡುವಿನವು ಕದಲುವುದಿಲ್ಲ. ಡ್ರಾಸಿರಾ ಬರ್ಮಾನಿಯಂಥ ಚುರುಕಿನ ಜಾತಿಯಲ್ಲಿ ಇದು ಸೆಕೆಂಡುಗಳ ಕೆಲಸ, ಬೇರೆಯವುಗಳಲ್ಲಿ ನಿಮಿಷಗಳದು. ಡ್ರಾಸಿರಾ ಕೇಪೆನ್ಸಿಸ್‌ನಲ್ಲಿ ಗಂಟೆಗಟ್ಟಲೆ ಕಾದರೆ ಇಡೀ ಎಲೆಯೇ ಹುಳದ ಸುತ್ತ ಸುರುಳಿ ಸುತ್ತಿಕೊಳ್ಳುವುದನ್ನು ಕಾಣಬಹುದು. ಆಗ ಹೆಚ್ಚು ಗ್ರಂಥಿಗಳು ಹುಳಕ್ಕೆ ತಾಗುತ್ತವೆ, ಜೀರ್ಣ ಬೇಗ ಆಗುತ್ತದೆ.

ಮಳೆ ಬಿದ್ದಾಗ ಸನ್‌ಡ್ಯೂ ಯಾಕೆ ಮುದುಡಲ್ಲ? ಹನಿಯ ಪೆಟ್ಟು ಹುಳಕ್ಕಿಂತ ಜೋರಲ್ವಾ?

ಡಾರ್ವಿನ್ನರೂ ಇದನ್ನೇ ಕೇಳಿಕೊಂಡರು. ಎತ್ತರದಿಂದ ನೀರಿನ ಹನಿ ಬೀಳಿಸಿದರು, ಎಲೆ ಕದಲಲಿಲ್ಲ. ತಲೆಗೂದಲಿನ ಚೂರೊಂದನ್ನು ಇಟ್ಟರು. ತೂಕ ಬರೀ 0.0008 ಮಿಲಿಗ್ರಾಂ. ಎಲೆಯ ಕೂದಲು ಬಾಗಿತು! ಅಂದರೆ ಪೆಟ್ಟಿನ ಜೋರು ಇಲ್ಲಿ ಲೆಕ್ಕಕ್ಕಿಲ್ಲ, ಬಿಡದೆ ಒತ್ತುವುದು ಲೆಕ್ಕಕ್ಕಿದೆ. ಒಂದೆರಡು ಸಲ ಜೋರಾಗಿ ತಟ್ಟಿದರೂ ಸುಮ್ಮನಿರುವ ಕೂದಲು, ಮೂರು ನಾಲ್ಕು ಸಲ ಸವರಿದರೆ ಬಾಗುತ್ತದೆ. ಗಾಜಿನ ಚೂರು ಇಟ್ಟರೂ ಬಾಗುತ್ತದೆ, ಆದರೆ ಬೇಗ ನೆಟ್ಟಗಾಗುತ್ತದೆ. ಮಾಂಸದ ಚೂರಾದರೆ ಬಿಡುವುದೇ ಇಲ್ಲ, ಏಕೆಂದರೆ ಅದರಿಂದ ಸಾರಜನಕದ ರುಚಿಯೂ ಹತ್ತಿರುತ್ತದೆ.

ಹುಳವನ್ನು ಎತ್ತಿ ಎಸೆಯುವ ಗಿಡ ಇದೆಯಂತೆ, ನಿಜಾನಾ?

ನಿಜ. ಆಸ್ಟ್ರೇಲಿಯಾದ ಡ್ರಾಸಿರಾ ಗ್ಲಾಂಡುಲಿಗೆರಾ. ಇದರ ಎಲೆಯ ಅಂಚಿನಿಂದ ನೆಲಕ್ಕೆ ಚಾಚಿದ ಉದ್ದನೆಯ ಕೂದಲುಗಳಲ್ಲಿ ಅಂಟಿಲ್ಲ. ನಡೆದುಹೋಗುವ ಹುಳ ಅದರ ತಲೆಯನ್ನು ತುಳಿದರೆ ಕೂದಲು ಕವಣೆಯಂತೆ ಮೇಲಕ್ಕೆ ಚಿಮ್ಮಿ, ಹುಳವನ್ನು ಎಲೆಯ ನಡುವಿನ ಅಂಟಿನೊಳಕ್ಕೆ ಬಿಸಾಡುತ್ತದೆ. ಫ್ರೈಬರ್ಗ್‌ನ ಸಂಶೋಧಕರು 2012ರಲ್ಲಿ ಇದನ್ನು ಚಿತ್ರೀಕರಿಸಿ ಅಳೆದರು. ಕೂದಲು ಚಿಮ್ಮುವುದು ಸೆಕೆಂಡಿನ ಹತ್ತನೇ ಒಂದು ಪಾಲಿಗಿಂತ ಕಡಿಮೆ ಹೊತ್ತಿನಲ್ಲಿ. ಆ ರಭಸಕ್ಕೆ ಬಾಗುವ ಜಾಗದ ಕೋಶಗಳು ಜಜ್ಜಿಹೋಗುತ್ತವೆ, ಹಾಗಾಗಿ ಒಂದು ಕೂದಲು ಒಂದೇ ಸಲ. ಬೆಂಕಿಕಡ್ಡಿಯ ಹಾಗೆ. ಗಿಡ ಹೊಸ ಎಲೆಗಳನ್ನು ಬೇಗ ಬೇಗ ಹಾಕಿ ಆ ನಷ್ಟ ತುಂಬಿಕೊಳ್ಳುತ್ತದೆ.

ಎಲ್ಲಕ್ಕಿಂತ ವೇಗದ್ದು ಯಾವುದು? ಫ್ಲೈಟ್ರ್ಯಾಪ್ ತಾನೆ?

ಹತ್ತಿರಕ್ಕೂ ಬರುವುದಿಲ್ಲ. ಪಟ್ಟ ಯುಟ್ರಿಕ್ಯುಲೇರಿಯಾಕ್ಕೆ. ಕೊಳದ ನೀರಿನಲ್ಲೋ ಒದ್ದೆ ಮಣ್ಣಿನಲ್ಲೋ ಇರುವ ಈ ಬೇರಿಲ್ಲದ ಗಿಡದ ಹೂವನ್ನು ನೀವು ನೋಡಿರಬಹುದು, ಬೋನನ್ನು ನೋಡಿರಲಾರಿರಿ. ಸಾಸಿವೆಯಷ್ಟು, ಅದಕ್ಕೂ ಚಿಕ್ಕ ಚೀಲಗಳು.

ಚೀಲದ ಗೋಡೆಯ ಗ್ರಂಥಿಗಳು ಒಳಗಿನ ನೀರನ್ನು ಬಿಡದೆ ಹೊರಕ್ಕೆ ಸಾಗಿಸುತ್ತಿರುತ್ತವೆ. ಒಳಗಿನ ಒತ್ತಡ ಇಳಿದು ಗೋಡೆಗಳು ಕೆನ್ನೆ ಒಳಕ್ಕೆ ಎಳೆದುಕೊಂಡಂತೆ ಗುಳಿ ಬೀಳುತ್ತವೆ. ಬಾಗಿಲು ಭದ್ರವಾಗಿ ಮುಚ್ಚಿದೆ, ಹೊರಗೆ ಕೆಲವು ಕೂದಲುಗಳಿವೆ. ನೀರುಚಿಗಟವೊಂದು ಆ ಕೂದಲಿಗೆ ತಾಗಿತೆನ್ನಿ, ಬಾಗಿಲಿನ ಡೊಂಕು ಮಗುಚಿ ಒಳಕ್ಕೆ ತೆರೆಯುತ್ತದೆ, ಗೋಡೆಗಳು ಸೆಟೆದು ಹಿಗ್ಗುತ್ತವೆ, ನೀರು ಹುಳದ ಸಮೇತ ಒಳಕ್ಕೆ ನುಗ್ಗುತ್ತದೆ, ಬಾಗಿಲು ಮತ್ತೆ ಮುಚ್ಚುತ್ತದೆ. ಇದನ್ನು ಓದುವುದಕ್ಕೆ ನಿಮಗೆ ಹಿಡಿದ ಹೊತ್ತಿನಲ್ಲಿ ಇದು ಸಾವಿರಾರು ಸಲ ಮುಗಿಯಬಹುದಿತ್ತು. ಬಾಗಿಲು ತೆರೆಯಲು ಬೇಕಾದದ್ದು ಅರ್ಧ ಮಿಲಿಸೆಕೆಂಡ್. ಗ್ರೆನೋಬಲ್‌ನ ಫಿಲಿಪ್ ಮಾರ್ಮೊತಾಂ ಅವರ ತಂಡ 2011ರಲ್ಲಿ ಅಳೆದಂತೆ, ನೀರು ಪಡೆಯುವ ವೇಗೋತ್ಕರ್ಷ ಗುರುತ್ವದ 600 ಪಟ್ಟಿನವರೆಗೆ ಹೋಗುತ್ತದೆ. ಸಿಕ್ಕಿದ ಹುಳಕ್ಕೆ ಈಜಿ ತಪ್ಪಿಸಿಕೊಳ್ಳುವ ಯೋಚನೆಗೂ ಬಿಡುವಿಲ್ಲ. ಡಾರ್ವಿನ್ನರ ಬಳಿ ಇಂಥ ಕ್ಯಾಮೆರಾ ಇರಲಿಲ್ಲ. ಹುಳವೇ ತಲೆಯಿಂದ ಬಾಗಿಲು ತಳ್ಳಿಕೊಂಡು ಒಳಗೆ ಹೋಗುತ್ತದೆ ಎಂದು ಅವರು ಬರೆದರು.

ಮತ್ತೆ ನೀರು ಹೊರಹಾಕಿ ಸಜ್ಜಾಗಲು 15ರಿಂದ 30 ನಿಮಿಷ ಸಾಕು. ಯಾರೂ ಮುಟ್ಟದಿದ್ದರೂ ಗಂಟೆಗಳಿಗೊಮ್ಮೆ ತಾನಾಗಿಯೇ ಸಿಡಿದುಕೊಳ್ಳುವುದೂ ಉಂಟು. ಫ್ಲೈಟ್ರ್ಯಾಪ್ ಜಿಪುಣ ಅಂದೆನಲ್ಲ, ಇದು ಹಾಗಲ್ಲ. ಮತ್ತೆ ಮತ್ತೆ ಸಜ್ಜಾಗಬಲ್ಲದ್ದಕ್ಕೆ ಒಂದೆರಡು ಏಟು ಖಾಲಿ ಹೋದರೂ ನಡೆಯುತ್ತದೆ.

ನೀರಿನೊಳಗೂ ಫ್ಲೈಟ್ರ್ಯಾಪ್ ಇದೆ ಅಂತಾರೆ?

ಆಲ್ಡ್ರೊವಾಂಡಾ ವೆಸಿಕ್ಯುಲೋಸಾ. ಬೇರಿಲ್ಲದೆ ತೇಲುವ ದಂಟು, ಅದರ ಸುತ್ತ ಚಕ್ರದ ಕಡ್ಡಿಗಳಂತೆ ಕೆಲವೇ ಮಿಲಿಮೀಟರಿನ ಬೋನುಗಳು. ಯುರೋಪ್, ಏಷ್ಯಾ, ಆಫ್ರಿಕಾ, ಆಸ್ಟ್ರೇಲಿಯಾ ನಾಲ್ಕರಲ್ಲೂ ಇದೆ, ಆದರೆ ಎಲ್ಲೆಡೆ ಅಪರೂಪವಾಗುತ್ತಿದೆ. ರೂಪದಲ್ಲಿ ಫ್ಲೈಟ್ರ್ಯಾಪ್‌ನದೇ ಅಚ್ಚು, ಯಂತ್ರ ಮಾತ್ರ ಬೇರೆ. ಇಲ್ಲಿ ಹೋಳುಗಳ ಡೊಂಕು ಮಗುಚುವುದಿಲ್ಲ. ನಡುವಿನ ದಿಂಡು ತುಸು ಬಾಗಿದರೆ ಸಾಕು, ಆ ಚಿಕ್ಕ ಚಲನೆಯೇ ಅಂಚಿನಲ್ಲಿ ದೊಡ್ಡದಾಗಿ ಹೋಳುಗಳು ಕೂಡಿಕೊಳ್ಳುತ್ತವೆ. ಹೊರಗೆ ಒಂದೇ ತರಹ ಕಂಡರೆ ಒಳಗೂ ಒಂದೇ ಇರಬೇಕೆಂದಿಲ್ಲ.

ಹುಳ ಬಿದ್ದ ಕೂಡಲೇ ಹೂಜಿ ಗಿಡ ಮುಚ್ಚಳ ಹಾಕಿಕೊಳ್ಳುತ್ತೆ ಅಂತ ಚಿಕ್ಕಂದಿನಲ್ಲಿ ಕೇಳಿದ್ದೆ.

ನಾನೂ ಕೇಳಿದ್ದೆ, ನಂಬಿದ್ದೆ. ಅದು ಸುಳ್ಳು. ಮುಚ್ಚಳ ಒಮ್ಮೆ ತೆರೆದ ಮೇಲೆ ಮತ್ತೆ ಮುಚ್ಚುವುದಿಲ್ಲ. ಅದರ ಕೆಲಸ ಹೂಜಿಯೊಳಗೆ ಮಳೆನೀರು ತುಂಬದಂತೆ ತಡೆಯುವುದು, ಹುಳಗಳನ್ನು ಕರೆಯುವುದು. ಬೀಳಿಸುವ ಕೆಲಸ ಬಾಯಿಯ ಅಂಚಿನದು. ಒದ್ದೆಯಾದಾಗ ಅದರ ಮೇಲೆ ತೆಳ್ಳನೆ ನೀರಿನ ಪೊರೆ ನಿಂತು ಇರುವೆಯ ಕಾಲಿಗೆ ಹಿಡಿತವೇ ಸಿಗುವುದಿಲ್ಲ.

ಆದರೂ ಈ ಸುಳ್ಳಿನ ಪಕ್ಕದಲ್ಲೇ ಒಂದು ಸೊಗಸಾದ ನಿಜ ಇದೆ. ಆಗ್ನೇಯ ಏಷ್ಯಾದ ನೆಪೆಂಥಿಸ್ ಗ್ರಾಸಿಲಿಸ್‌ನ ಮುಚ್ಚಳದ ಕೆಳಮೈಯಲ್ಲಿ ಜೇನಿನಂಥ ದ್ರವವೂ ಇದೆ, ಮೇಣದ ಪುಡಿಯೂ ಇದೆ. ಮಳೆ ಬಂದಾಗ ಇರುವೆಗಳು ಅಲ್ಲಿ ತಲೆಕೆಳಗಾಗಿ ನಿಂತು ಮೇಯುತ್ತವೆ. ಹನಿಯೊಂದು ಮುಚ್ಚಳದ ಮೇಲೆ ಬಿದ್ದರೆ ಗಡುಸಾದ ಮುಚ್ಚಳ ಸ್ಪ್ರಿಂಗ್ ಹಲಗೆಯಂತೆ ಫಕ್ಕನೆ ಕೆಳಕ್ಕೆ ಬಡಿದು ಮೇಲೇಳುತ್ತದೆ, ಇರುವೆ ಉದುರಿ ಹೂಜಿಗೆ ಬೀಳುತ್ತದೆ. ಉಲ್ರಿಕೆ ಬಾವರ್ ಮತ್ತು ಸಂಗಡಿಗರು 2012ರಲ್ಲಿ ಇದನ್ನು ವಿವರಿಸಿದರು. ವೇಗದ ಚಲನೆ ಇದೆ, ಆದರೆ ಗಿಡದ ಗಂಟು ಒಂದು ಕಾಸೂ ಹೋಗಿಲ್ಲ. ಕೂಲಿ ಮಳೆಯದು.

ಬಟರ್‌ವರ್ಟ್ ಕೂಡ ಅಲ್ಲಾಡುತ್ತಾ?

ಹುಳ ಅಂಟಿದ ಮೇಲೆ ಎಲೆಯ ಅಂಚು ಗಂಟೆಗಳಲ್ಲಿ, ಕೆಲವೊಮ್ಮೆ ದಿನಗಳಲ್ಲಿ, ಒಳಕ್ಕೆ ಸುರುಳಿಯಾಗುತ್ತದೆ. ಹಿಡಿಯುವುದಕ್ಕಲ್ಲ, ಜೀರ್ಣರಸ ಹೊರಗೆ ಹರಿಯದಂತೆ ತಡೆಯುವುದಕ್ಕೆ.

## ಇನ್ನೂ ಆಳಕ್ಕೆ

ವಿದ್ಯುತ್ ಸಂಕೇತ ಅಂತೀರಿ. ನಮ್ಮ ನರಗಳಲ್ಲಿ ಹರಿಯುವಂಥದ್ದೇನಾ?

ನೆಂಟಸ್ತಿಕೆ ಇದೆ, ಒಂದೇ ಅಲ್ಲ. ಡಾರ್ವಿನ್ನರ ಪ್ರೇರಣೆಯಿಂದ ಶರೀರಶಾಸ್ತ್ರಜ್ಞ ಜಾನ್ ಬರ್ಡನ್ ಸ್ಯಾಂಡರ್ಸನ್ 1873ರಲ್ಲಿ ಫ್ಲೈಟ್ರ್ಯಾಪ್ ಎಲೆಗೆ ತಂತಿ ಜೋಡಿಸಿ ಈ ಸಂಕೇತವನ್ನು ಅಳೆದರು. ಗಿಡವೊಂದರಲ್ಲಿ ಇಂಥ ಸಂಕೇತ ಕಂಡದ್ದು ಅದೇ ಮೊದಲು. ಎರಡರಲ್ಲೂ ಕೋಶದ ಪೊರೆಯ ಆಚೀಚೆ ಇರುವ ವೋಲ್ಟೇಜ್ ಥಟ್ಟನೆ ಏರಿ ಇಳಿಯುತ್ತದೆ, ಆ ಏರಿಳಿತ ಅಲೆಯಂತೆ ಮುಂದೆ ಸಾಗುತ್ತದೆ. ನಮ್ಮ ನರಗಳಲ್ಲಿ ಈ ಏರಿಕೆಗೆ ಸೋಡಿಯಂ ಒಳನುಗ್ಗುವುದು ಕಾರಣ. ಗಿಡಗಳಲ್ಲಿ ಕ್ಯಾಲ್ಸಿಯಂ ಒಳಬರುತ್ತದೆ, ಕ್ಲೋರೈಡ್ ಹೊರಹೋಗುತ್ತದೆ. ವೇಗದಲ್ಲೂ ಅಜಗಜಾಂತರ: ನಮ್ಮ ಚುರುಕಾದ ನರಗಳಲ್ಲಿ ಸೆಕೆಂಡಿಗೆ ಹತ್ತಾರು ಮೀಟರ್, ಎಲೆಯಲ್ಲಿ ಸೆಂಟಿಮೀಟರುಗಳ ಲೆಕ್ಕ. ಎಲೆಯೇ ಎರಡು ಮೂರು ಸೆಂಟಿಮೀಟರ್ ಇರುವಾಗ ಅಷ್ಟು ಧಾರಾಳ ಸಾಕು.

ಮಿದುಳೇ ಇಲ್ಲದೆ ಮೊದಲ ಸ್ಪರ್ಶವನ್ನು ನೆನಪಿಡೋದು ಎಲ್ಲಿ?

ಕೋಶದೊಳಗಿನ ಕ್ಯಾಲ್ಸಿಯಂನಲ್ಲಿ. ಜಪಾನಿನ ಸಂಶೋಧಕರು ಕ್ಯಾಲ್ಸಿಯಂ ಹೆಚ್ಚಿದಾಗ ಹಸಿರಾಗಿ ಹೊಳೆಯುವ ಪ್ರೋಟೀನಿನ ಜೀನನ್ನು ಫ್ಲೈಟ್ರ್ಯಾಪ್‌ಗೆ ಸೇರಿಸಿದರು. 2020ರಲ್ಲಿ ಪ್ರಕಟವಾದ ಅವರ ಫಲಿತಾಂಶ ನೋಡಲೂ ಚೆಂದ: ಕೂದಲು ಮುಟ್ಟಿದ ಕೂಡಲೇ ಅದರ ಬುಡದಿಂದ ಹೊಳಪಿನ ಅಲೆ ಎಲೆಯ ತುಂಬ ಹರಡುತ್ತದೆ, ನಂತರ ಮೆಲ್ಲಗೆ ಮಂಕಾಗುತ್ತದೆ. ಪೂರ್ತಿ ಮಂಕಾಗುವ ಮುನ್ನ ಎರಡನೇ ಸ್ಪರ್ಶ ಆದರೆ ಹೊಳಪು ಮೊದಲಿನದರ ಮೇಲೆ ಏರಿ ಒಂದು ಮಟ್ಟವನ್ನು ದಾಟುತ್ತದೆ, ಬೋನು ಮುಚ್ಚುತ್ತದೆ. ತೂತು ಬಿದ್ದ ಕೊಡಕ್ಕೆ ತಂಬಿಗೆಯಲ್ಲಿ ನೀರು ಹೊಯ್ದಂತೆ. ಬೇಗ ಬೇಗ ಎರಡು ತಂಬಿಗೆ ಹೊಯ್ದರೆ ತುಂಬುತ್ತದೆ, ತಡಮಾಡಿದರೆ ಸೋರಿಹೋಗುತ್ತದೆ. ನೆನಪು ಅಂದರೂ ಮರೆವು ಅಂದರೂ ಆ ಸೋರಿಕೆಯೇ.

ಒಂದೇ ಸಲ ಮುಟ್ಟಿದ್ದಕ್ಕೆ ನನ್ನ ಗಿಡ ಮುಚ್ಚಿತು. ನೀವು ಹೇಳಿದ್ದು ತಪ್ಪಾ?

ಎರಡು ಸಾಧ್ಯತೆಗಳಿವೆ. ಬಿಸಿ ಹೆಚ್ಚಿದ್ದಾಗ ಒಂದೇ ಸ್ಪರ್ಶಕ್ಕೆ ಮುಚ್ಚುವುದುಂಟು, ತಂಪಿನಲ್ಲಿ ಎರಡಕ್ಕಿಂತ ಹೆಚ್ಚು ಬೇಕಾಗುವುದೂ ಉಂಟು. ಅಥವಾ ನೀವು ಕೂದಲನ್ನು ತೀರಾ ನಿಧಾನವಾಗಿ ಬಾಗಿಸಿರಬಹುದು. ಜ್ಯೂರಿಕ್‌ನಲ್ಲಿ ಸೂಕ್ಷ್ಮ ರೋಬಾಟ್ ತೋಳಿನಿಂದ ಕೂದಲನ್ನು ಬೇರೆ ಬೇರೆ ವೇಗದಲ್ಲಿ ಬಾಗಿಸಿದಾಗ, ನಿಧಾನದ ಒಂದೇ ಬಾಗಿಗೆ ಒಂದಕ್ಕಿಂತ ಹೆಚ್ಚು ಸಂಕೇತಗಳು ಹೊರಟು ಬೋನು ಮುಚ್ಚಿದ್ದು ಕಂಡಿತು. ಇದೂ 2020ರ ಮಾತೇ. ಗಿಡ ಎಣಿಸುವುದು ಸಂಕೇತಗಳನ್ನು, ನಮ್ಮ ಬೆರಳಿನ ಪೆಟ್ಟುಗಳನ್ನಲ್ಲ. ತೆವಳುತ್ತ ಬರುವ ಹುಳು, ಬಸವನಹುಳುಗಳೂ ಸಿಗುವುದು ಹೀಗಿರಬಹುದು.

ಅರಿವಳಿಕೆ ಕೊಟ್ಟರೆ ಗಿಡಕ್ಕೂ ಮಂಪರು ಬರುತ್ತಾ?

ಶಸ್ತ್ರಚಿಕಿತ್ಸೆಗೆ ಹಿಂದೆ ಬಳಸುತ್ತಿದ್ದ ಈಥರ್ ಆವಿಯಲ್ಲಿ ಇಟ್ಟರೆ ಫ್ಲೈಟ್ರ್ಯಾಪ್ ಎಷ್ಟು ಮುಟ್ಟಿದರೂ ಮುಚ್ಚುವುದಿಲ್ಲ, ವಿದ್ಯುತ್ ಸಂಕೇತವೇ ಕಾಣುವುದಿಲ್ಲ. ಆವಿ ತೆಗೆದ ಮೇಲೆ ಸ್ವಲ್ಪ ಹೊತ್ತಿನಲ್ಲಿ ಮೊದಲಿನಂತಾಗುತ್ತದೆ. ಇದನ್ನು ಕೇಳಿದ ಕೂಡಲೇ ‘ಹಾಗಾದರೆ ಗಿಡಕ್ಕೆ ಪ್ರಜ್ಞೆ ಇದೆ’ ಎಂದು ಕೆಲವರು ಹಾರುತ್ತಾರೆ. ನಾನು ಹಾರುವುದಿಲ್ಲ. ಪೊರೆಯ ಮೇಲಿನ ಸಂಕೇತ ನಿಂತಿತು ಎನ್ನುವುದಷ್ಟೇ ಇದರಿಂದ ತಿಳಿಯುವುದು.

ಇಂಥ ಬೋನು ಒಂದೇ ಸಲಕ್ಕೆ ಹುಟ್ಟಿರೋಕೆ ಸಾಧ್ಯವಾ? ಅರ್ಧ ಬೋನಿನಿಂದ ಏನು ಉಪಯೋಗ?

ಅರ್ಧ ಬೋನು ಎಂದರೆ ಸನ್‌ಡ್ಯೂ ಇದ್ದಂತೆ ಇದ್ದಿರಬೇಕು. ಫ್ಲೈಟ್ರ್ಯಾಪ್, ಆಲ್ಡ್ರೊವಾಂಡಾ, ಡ್ರಾಸಿರಾ ಮೂರೂ ಒಂದೇ ಕುಟುಂಬ, ಮೊದಲೆರಡು ತೀರಾ ಹತ್ತಿರದ ಸೋದರಿಯರು ಎಂಬುದನ್ನು ಡಿಎನ್ಎ ತೋರಿಸಿದೆ. ಅಂಟಿನಿಂದ ಹಿಡಿದು ನಿಧಾನ ಬಾಗುವ ಎಲೆ ಮೊದಲು, ಬೇಗ ಬಾಗುವುದು ಆಮೇಲೆ, ಅಂಟು ಬೇಡವಾದದ್ದು ಕೊನೆಗೆ. ಪ್ರತಿ ಮೆಟ್ಟಿಲಿನಲ್ಲೂ ಹುಳ ಸಿಗುತ್ತಲೇ ಇತ್ತು. ಸಾಮಾನು ಕೂಡ ಹಳೆಯದೇ. ಹುಳ ಎಲೆ ಕಡಿದಾಗ ಮಾಮೂಲಿ ಗಿಡಗಳು ರಕ್ಷಣೆಗೆಂದು ಎಬ್ಬಿಸುವ ಜಾಸ್ಮೋನಿಕ್ ಆಮ್ಲವನ್ನೇ ಇವು ಹುಳವನ್ನು ಅರಗಿಸುವುದಕ್ಕೆ ಬಳಸುತ್ತವೆ. ತಡೆಯುವ ಗುರಾಣಿಯನ್ನೇ ಕತ್ತಿ ಮಾಡಿಕೊಂಡಿವೆ.

ಮುಚ್ಚಿದ್ದು ಅರ್ಥ ಆಯ್ತು. ತೆರೆಯೋದು ಹೇಗೆ? ಅದನ್ನು ಯಾರೂ ಹೇಳೋದೇ ಇಲ್ಲ.

ನೋಡಲು ಮಜಾ ಇಲ್ಲವಲ್ಲ, ಅದಕ್ಕೇ ಯಾರೂ ಹೇಳುವುದಿಲ್ಲ. ಫ್ಲೈಟ್ರ್ಯಾಪ್ ಮುಚ್ಚುವಾಗ ಹೊರಮೈ ಹಿಗ್ಗಿತ್ತು. ತೆರೆಯಬೇಕಾದರೆ ಅದನ್ನು ಕುಗ್ಗಿಸುವುದಿಲ್ಲ, ಒಳಮೈಯನ್ನು ಬೆಳೆಸಿ ಸರಿದೂಗಿಸುತ್ತದೆ. ಬೆಳೆಯುವ ಕೆಲಸವಾದ್ದರಿಂದ ಗಂಟೆಗಳು, ದಿನಗಳು ಹಿಡಿಯುತ್ತವೆ. ಹಾಗಾಗಿ ಪ್ರತಿ ಸಲ ಮುಚ್ಚಿ ತೆರೆದಾಗಲೂ ಬೋನು ಮೊದಲಿಗಿಂತ ಒಂದಿಷ್ಟು ದೊಡ್ಡದಾಗಿರುತ್ತದೆ. ಬೆಳೆಯುವ ಶಕ್ತಿ ಮುಗಿದ ಮೇಲೆ ಮುಟ್ಟಿದರೂ ಮುಚ್ಚುವುದಿಲ್ಲ. ಆಮೇಲೆ ಅದು ಬಾಯಿ ತೆರೆದುಕೊಂಡೇ ಇದ್ದು, ಒಣಗುವ ತನಕ ಬೇರೆ ಯಾವುದೇ ಎಲೆಯಂತೆ ಬಿಸಿಲು ಕುಡಿಯುತ್ತಿರುತ್ತದೆ.